ಮೂಲೆ ಹಿಡಿದ ಹನ್ನೊಂದು ಮೀನುಗಳ ಸನ್ನಿಧಾನಕ್ಕೆ

ಶನಿವಾರ, ಸಂಜೆ ಆರೂಕಾಲು. ಬೆಳಿಗ್ಗೆ ಬಟ್ಟೆ ಅಂಗಡಿಯಲ್ಲಿ ಹದಿನಾಲ್ಕು ಪ್ಯಾಂಟುಗಳ ಅಂಚು ಮಡಚಿ ಹೊಲಿದೆ. ಮಧ್ಯಾಹ್ನದ ಮೇಲೆ ರಜೆ ಕೇಳಿ ಮನೆಗೆ ಬಂದೆ. ನಾಲ್ಕು ಗಂಟೆಗೆ ಸಾಕುಮೀನಿನ ಅಂಗಡಿಯವರು ಬಂದುಹೋದರು. ಈಗ ಚಹಾ ಕುಡಿದು ಈ ಪತ್ರಕ್ಕೆ ಕುಳಿತಿದ್ದೇನೆ.

ನಡುಮನೆಯ ಗಾಜಿನ ತೊಟ್ಟಿಯಲ್ಲಿ ನೆಲೆಸಿರುವ, ನೀಲಿ ಗೆರೆಯಿಂದಲೂ ಕೆಂಪು ಬಾಲದಿಂದಲೂ ಶೋಭಿಸುವ, ತಲಾ ಒಂದು ಅಂಗುಲ ಉದ್ದದ ಹನ್ನೊಂದು ಮಂದಿ ಟೆಟ್ರಾ ಮೀನು ಮಹಾಶಯರಿಗೆ, ಅದೇ ಮನೆಯ ಒಣಭಾಗದಲ್ಲಿ ನೆಲೆಸಿರುವ ಗಡಿಯಾರ ರಿಪೇರಿಯವರ ಹೆಂಡತಿ ಮಾಡುವ ಹನ್ನೊಂದು ನಮಸ್ಕಾರಗಳು. ತಮ್ಮ ನೀರು ತಿಳಿಯಾಗಿರಲಿ, ತಮ್ಮ ಪಂಪು ನಿಲ್ಲದಿರಲಿ.

ಮಾನ್ಯರೇ,

ಮೊದಲಿಗೆ ಒಂದು ಕ್ಷಮೆ. ಇಂಥ ಪತ್ರವನ್ನು ಮುಖ್ಯಸ್ಥರ ಹೆಸರಿಗೆ ಬರೆಯುವುದು ಪದ್ಧತಿ. ತಮ್ಮಲ್ಲಿ ಮುಖ್ಯಸ್ಥರು ಯಾರೆಂದು ತಿಳಿಯಲು ಬುಧವಾರದಿಂದ ಕನ್ನಡಕ ಹಾಕಿಕೊಂಡು ಪ್ರಯತ್ನಪಟ್ಟೆ. ಎಲ್ಲರಿಗಿಂತ ಮುಂದಿರುವವರೇ ಇರಬೇಕೆಂದು ಅವರ ಗುರುತು ಹಿಡಿದು ಕಾಗದ ತೆಗೆಯುವಷ್ಟರಲ್ಲಿ ತಾವೆಲ್ಲರೂ ಒಮ್ಮೆಗೇ ಹಿಂದಕ್ಕೆ ತಿರುಗಿ, ಕೊನೆಯಲ್ಲಿದ್ದವರು ಮೊದಲಿಗರೂ ಮೊದಲಿಗರು ಕೊನೆಯವರೂ ಆಗಿಬಿಡುತ್ತಿದ್ದಿರಿ. ಅರ್ಜಿಯಿಲ್ಲದೆ, ಜಗಳವಿಲ್ಲದೆ, ಅರೆಕ್ಷಣದಲ್ಲಿ ಬಡ್ತಿ ಸಿಗುವ ಇಂಥ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಗುಂಡಿ ಹಚ್ಚುವ ಸ್ಟೂಲಿನಿಂದ ಹೊಲಿಗೆ ಯಂತ್ರದ ಸ್ಟೂಲಿಗೆ ಬರಲು ಒಂಬತ್ತು ವರ್ಷ ಹಿಡಿಯಿತು, ನಡುವೆ ಇದ್ದ ದೂರ ನಾಲ್ಕು ಅಡಿ. ಆದ್ದರಿಂದ ಈ ಪತ್ರ ಹನ್ನೊಂದು ಮಂದಿಗೂ ಸಮನಾಗಿ ಸಲ್ಲುತ್ತದೆ. ಬಹಿರಂಗ ಪತ್ರವಾದ್ದರಿಂದ ಗಾಜಿಗೆ ಅಂಟಿಸುವ ಯೋಚನೆಯಿತ್ತು. ತಮ್ಮ ಗಾಜಿಗೆ ಇನ್ನು ಏನನ್ನೂ ಒರಗಿಸುವುದು ಬೇಡವೆಂದು ಇವತ್ತು ನಾಲ್ಕು ಗಂಟೆಯ ನಂತರ ತೀರ್ಮಾನಿಸಿದ್ದೇನೆ. ಒಂದು ಪ್ರತಿಯನ್ನು ನಮ್ಮ ಕಟ್ಟಡದ ಮೆಟ್ಟಿಲ ಬಳಿಯ ಬೋರ್ಡಿಗೆ ಹಚ್ಚಿ, ತಮಗೆ ಓದಿ ಹೇಳುತ್ತೇನೆ.

ದೂರಿನ ವಿಷಯ ಹೀಗಿದೆ. ಕಳೆದ ಆರು ವಾರ ತಾವು, ಗಿಡ, ಕಲ್ಲು, ಹೀಟರು, ಗುಳ್ಳೆ ಬಿಡುವ ಪಂಪು ಮುಂತಾದ ಸಕಲ ಸೌಕರ್ಯಗಳಿರುವ ಎರಡೂವರೆ ಅಡಿ ಉದ್ದದ ತೊಟ್ಟಿಯನ್ನು ಪೂರ್ತಿ ಖಾಲಿ ಬಿಟ್ಟು, ಒಂದೇ ಒಂದು ಮೂಲೆಯಲ್ಲಿ, ಎಲ್ಲರೂ ಒಂದೇ ಕಡೆ ಮುಖ ಮಾಡಿ, ಬೆಂಕಿಪೆಟ್ಟಿಗೆಯಲ್ಲಿ ಕಡ್ಡಿ ಜೋಡಿಸಿದ ಹಾಗೆ ಒತ್ತಿಕೊಂಡು ನಿಂತಿದ್ದಿರಿ. ಊಟ ಹಾಕಿದರೆ ಬರುತ್ತಿರಲಿಲ್ಲ. ಕರೆದರೆ ಬರುತ್ತಿರಲಿಲ್ಲ. ಮೈಯ ನೀಲಿ ಬಣ್ಣ ಹತ್ತು ಸಲ ಒಗೆದ ಶರ್ಟಿನ ಹಾಗೆ ಮಾಸಿಹೋಗಿತ್ತು. ನಿಲ್ಲುವುದು ತಮ್ಮ ಇಷ್ಟ, ಅದಕ್ಕೆ ನಾನು ಅಡ್ಡಬರುತ್ತಿರಲಿಲ್ಲ. ಆದರೆ ತಾವು ಹೀಗೆ ನಿಂತದ್ದರಿಂದ ನನ್ನ ಮನೆ ಹೋಗುವ ಹಂತಕ್ಕೆ ಬಂದಿದೆ ಎಂಬುದು ತಮ್ಮ ಗಮನಕ್ಕೆ ಬಂದಂತಿಲ್ಲ.

ನಮ್ಮವರು ತೀರಿಹೋಗಿ ನಾಲ್ಕು ತಿಂಗಳಾಯಿತು. ಅಂದಿನಿಂದಲೂ ನನ್ನನ್ನು ತನ್ನ ಮನೆಗೆ ಕರೆದೊಯ್ಯಬೇಕೆಂದು ಅಕ್ಕನಿಗೆ ಆಸೆ. ಅವಳ ಮನೆಯಲ್ಲಿ ನನಗೊಂದು ಕೋಣೆಯಿದೆ, ಬಿಸಿನೀರಿದೆ, ಅಕ್ಕನೂ ಇದ್ದಾಳೆ. ತಮಗೆ ಮಾತ್ರ ಜಾಗವಿಲ್ಲ. "ನೀರೂ ಕರೆಂಟೂ ಒಂದೇ ಡಬ್ಬೀಲಿ ಇರೋ ಮನೇಲಿ ನಾನು ಕಣ್ಣು ಮುಚ್ಚಲ್ಲ," ಎಂದು ಅವಳು ಮೊದಲೇ ಹೇಳಿದ್ದಾಳೆ. ಅವಳು ಹಾಗೆ ಹೇಳಿದಾಗ ಭಾವ "ಹೂಂ" ಎಂದಿದ್ದಾರೆ. ಭಾವ ಹೂಂ ಎಂದರೆ ತೀರ್ಪು ಹೊರಬಿದ್ದ ಹಾಗೆ, ಏಕೆಂದರೆ ಅವರು ಮೂವತ್ತು ವರ್ಷಗಳಿಂದ ಬೇರೇನನ್ನೂ ಎಂದಿಲ್ಲ. ಹದಿನೈದು ದಿನಗಳ ಹಿಂದೆ ಅಕ್ಕ ತಮ್ಮ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ತಮ್ಮನ್ನು ಮೇಲಿಂದ ಕೆಳಗೆ ನೋಡಿ, "ನೋಡೇ, ಮೀನಿಗೇ ಈ ಮನೆ ಬೇಡವಾಗಿದೆ. ನಿನಗೇನು ಹಟ?" ಎಂದಳು. "ಮೀನು ಸರಿಹೋದ್ರೆ?" ಎಂಬುದು ನನ್ನ ಬಾಯಿಗೆ ಬಂತು. "ಸರಿಹೋದ್ರೆ ಇರು, ಯಾರು ಬೇಡ ಅಂದ್ರು? ಹದಿನೈದು ದಿನ ಕೊಡ್ತೀನಿ. ಆಮೇಲೆ ಭಾನುವಾರ ವ್ಯಾನ್ ತರ್ತೀನಿ, ಒಂದು ಮಾತೂ ಆಡಬಾರದು." ಭಾವ ಹೂಂ ಎಂದರು. ನಾಳೆ ಆ ಭಾನುವಾರ.

ಹೀಗೆ ಇಪ್ಪತ್ತಾರು ವರ್ಷಗಳ ಮನೆ, ಅದರ ಅಡುಗೆ ಕೋಣೆ, ಬಾಗಿಲು ಎತ್ತಿ ತಳ್ಳಿದರೆ ಮಾತ್ರ ಮುಚ್ಚುವ ಬಚ್ಚಲು, ನಮ್ಮವರ ಗಡಿಯಾರದ ಮುಳ್ಳುಗಳಿರುವ ಎಪ್ಪತ್ತು ಡಬ್ಬಿಗಳು, ಇವೆಲ್ಲವೂ ತಮ್ಮ ಹನ್ನೊಂದು ಬಾಲಗಳ ಮೇಲೆ ನಿಂತವು. ಆ ಬಾಲಗಳೋ ಅಲ್ಲಾಡಲಿಲ್ಲ.

ತಾವು ಮೂಲೆ ಹಿಡಿದದ್ದು ದುಃಖದಿಂದ ಎಂದೇ ನಾನು ನಂಬಿದ್ದೆ. ನಮ್ಮವರು ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ತಮ್ಮ ಮುಂದೆ ಒಂದು ಗಂಟೆ ಕೂರುತ್ತಿದ್ದರು. ಆ ಒಂದು ಗಂಟೆ ಇಲ್ಲವಾದದ್ದು ತಮಗೂ ತಟ್ಟಿರಬೇಕು ಎಂದುಕೊಂಡೆ. ತಟ್ಟುವುದಕ್ಕೆ ಎರಡೂವರೆ ತಿಂಗಳು ತಡವಾದದ್ದೇಕೆಂಬ ಪ್ರಶ್ನೆ ಬಂದರೂ, ಸುದ್ದಿ ನೀರಿನೊಳಗೆ ನಿಧಾನವಾಗಿ ಹೋಗುತ್ತದೇನೋ ಎಂದು ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾನು ಎದ್ದು, ಮುಖ ತೊಳೆದು, ಪ್ಯಾಂಟುಗಳ ಅಂಚು ಮಡಚಲು ಹೋಗುತ್ತಿದ್ದೇನೆ. ತಾವು ಊಟ ಬಿಟ್ಟು, ಬಣ್ಣ ಬಿಟ್ಟು, ಮೂಲೆಯಲ್ಲಿ ನಿಂತು ನನಗಿಂತ ಮೇಲ್ಮಟ್ಟದ ದುಃಖ ಆಚರಿಸುತ್ತಿದ್ದೀರಿ. ಬಂದವರೆಲ್ಲ ತಮ್ಮನ್ನು ನೋಡಿ ತಲೆದೂಗಿ, ಆಮೇಲೆ ನನ್ನ ಕಡೆ ನೋಡುತ್ತಿದ್ದರು.

ನನಗೆ ದಿನಚರಿ ಬರೆಯುವ ಅಭ್ಯಾಸ. ಗಂಟೆ, ಆ ದಿನದ ಕೆಲಸ, ನಾಳೆಯದು ಒಂದು ಸಾಲು. ಹೆಚ್ಚಿಗೆ ಬರೆಯಲು ಬರುವುದಿಲ್ಲ. ಅದರಲ್ಲಿ ತಮ್ಮ ವಿಚಾರವನ್ನೂ ಬರೆಯತೊಡಗಿದೆ. "ಬೆಳಿಗ್ಗೆ, ಬಲ ಮೂಲೆ. ಸಂಜೆ, ಎಡ ಮೂಲೆ." ಮಾರನೆಯ ದಿನವೂ ಅದೇ. ಆರು ವಾರವೂ ಅದೇ. ತಾವು ಎರಡು ಪಾಳಿಯಲ್ಲಿ ದುಃಖಿಸುತ್ತಿದ್ದೀರಿ ಎಂಬುದು ನನಗೆ ಆಗ ತಿಳಿಯಿತು. ಇಂಥ ಸಮಯಪಾಲನೆಯನ್ನು ನಮ್ಮವರು ರಿಪೇರಿ ಮಾಡಿದ ಗಡಿಯಾರಗಳಲ್ಲಿಯೂ ನಾನು ಕಂಡಿರಲಿಲ್ಲ, ಅವರ ಗಿರಾಕಿಗಳೂ ಕಂಡಿರಲಿಲ್ಲ.

ತಮ್ಮ ಕೀರ್ತಿ ಮಹಡಿಯನ್ನೂ ಏರಿತು. ನಮ್ಮ ಮೇಲಿನ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರು ಬಂದು ತಮ್ಮ ಸಾಲನ್ನು ನೋಡಿ ಗದ್ಗದರಾದರು. "ಇದಲ್ವೇನಮ್ಮಾ ಒಗ್ಗಟ್ಟು! ನಮ್ಮ ಕಟ್ಟಡದ ಮೀಟಿಂಗಿಗೆ ನಾಲ್ಕು ಜನ ಸೇರಲ್ಲ, ಇಲ್ಲಿ ಹನ್ನೊಂದಕ್ಕೆ ಹನ್ನೊಂದೂ ಹಾಜರು. ಯಾರಾದ್ರೂ ಎದುರು ಮಾತಾಡ್ತಿದಾರಾ? ನೋಡಿ!" ಮರುದಿನ ಮೆಟ್ಟಿಲ ಬಳಿಯ ಬೋರ್ಡಿನಲ್ಲಿ, ನೀರಿನ ಟ್ಯಾಂಕು ತೊಳೆಸುವ ಬಗ್ಗೆ ಸಭೆ, ಎಲ್ಲರೂ ಮೊದಲನೇ ಮನೆಯ ಮೀನುಗಳನ್ನು ನೋಡಿಕೊಂಡು ಬರತಕ್ಕದ್ದು ಎಂದು ಬರೆದರು. ಏಳು ಜನ ಸಾಲಾಗಿ ಬಂದು ನೋಡಿದರು, ಮೆಚ್ಚಿದರು, ಮೇಲೆ ಹೋಗಿ ಏಳು ಬಗೆ ಮಾತಾಡಿದರು. ಟ್ಯಾಂಕು ಹಾಗೇ ಇದೆ.

ತಮ್ಮನ್ನು ಮೂಲೆಯಿಂದ ಹೊರಡಿಸಲು ನಾನು ಮಾಡಿದ ಪ್ರಯತ್ನಗಳನ್ನು ತಾವು ಮರೆತಿರಲಾರಿರಿ. ನೀರು ಬದಲಿಸಿದೆ. ಬೇರೆ ಡಬ್ಬಿಯ ಊಟ ತಂದೆ. ಗಿಡವನ್ನು ಅತ್ತ ನೆಟ್ಟೆ, ಇತ್ತ ನೆಟ್ಟೆ. ಕೊನೆಗೆ, ತಮಗೆ ಗಡಿಯಾರಗಳ ಸದ್ದಿಲ್ಲದೆ ಬೇಸರವಾಗಿರಬೇಕೆಂದು ಹೊಳೆದು, ನಮ್ಮವರ ಮೂರು ಟೈಂಪೀಸುಗಳಿಗೆ ಕೀಲಿ ಕೊಟ್ಟು ತೊಟ್ಟಿಯ ಮುಚ್ಚಳದ ಮೇಲೆ ಸಾಲಾಗಿ ಇಟ್ಟೆ. ಅವುಗಳಲ್ಲಿ ಒಂದಕ್ಕೆ ಅಲಾರಂ ಇಟ್ಟಿದ್ದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಅದು ಹೊಡೆದುಕೊಂಡಾಗ ತಾವು ಹನ್ನೊಂದು ಮಂದಿಯೂ ಏಕಕಾಲಕ್ಕೆ ಮುಚ್ಚಳಕ್ಕೆ ತಲೆ ಬಡಿದುಕೊಂಡಿರಿ. ಆ ಒಂದು ದಿನ ತಾವು ಮೂಲೆ ಬಿಟ್ಟಿರಿ ಎಂಬುದನ್ನು ದಾಖಲಿಸುತ್ತೇನೆ. ಕಲ್ಲಿನ ಕೆಳಗೆ ಹೋದಿರಿ.

ಈಗ ಈ ಪತ್ರದ ಕಷ್ಟದ ಭಾಗ. ಆರು ವಾರಗಳ ಹಿಂದೆ ಫೋಟೋ ಸ್ಟುಡಿಯೋದಿಂದ ನಮ್ಮವರ ಚಿತ್ರ ದೊಡ್ಡದಾಗಿ ಬಂತು. ಅವರಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಒಂದೇ, ಅಂಗಡಿಯಲ್ಲಿ ಬಲಗಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದವರು ಯಾರೋ ಕರೆದರೆಂದು ತಲೆಯೆತ್ತಿದಾಗ ತೆಗೆದದ್ದು. ಅದರಲ್ಲಿ ಎಡಗಣ್ಣು ಅವರದೇ, ನಿದ್ದೆಗಣ್ಣು. ಬಲಗಣ್ಣು ಗಾಜಿನೊಳಗೆ ಉಬ್ಬಿ, ದುಂಡಗೆ, ಕಪ್ಪು ಚೌಕಟ್ಟಿನಲ್ಲಿ ಹೊಳೆಯುತ್ತಿದೆ. ದೊಡ್ಡದು ಮಾಡಿಕೊಡಿ ಎಂದೆ. ಸ್ಟುಡಿಯೋದವರು ಧಾರಾಳಿಗಳು, ಈಗ ಆ ಕಣ್ಣೊಂದೇ ನನ್ನ ಅಂಗೈಯಷ್ಟಿದೆ. ಗೋಡೆಗೆ ಹಾಕಿದರೆ ಅವರಿಗೆ ತೊಟ್ಟಿ ಕಾಣುವುದಿಲ್ಲವಲ್ಲ ಎಂದು, ತಮ್ಮ ಪಕ್ಕದ ಗಾಜಿಗೇ ಒರಗಿಸಿ, ಮುಖ ಒಳಗೆ ಮಾಡಿ ಇಟ್ಟೆ. ಒಂದೇ ಕಡೆಯಿಂದ ನೋಡಿ ಅವರಿಗೆ ಬೇಜಾರಾಗಬಾರದು ಎಂದು ಬೆಳಿಗ್ಗೆ ಎಡಗಡೆಯ ಗಾಜಿಗೆ, ಸಂಜೆ ಬಲಗಡೆಯ ಗಾಜಿಗೆ, ಒಂದು ದಿನವೂ ತಪ್ಪಿಸದೆ.

ಇವತ್ತು ನಾಲ್ಕು ಗಂಟೆಗೆ ಮೀನಿನ ಅಂಗಡಿಯವರು ಬಂದದ್ದು, ನಾಳೆ ತಮ್ಮನ್ನು ವಾಪಸು ಒಯ್ಯಲು ಎಷ್ಟು ದೊಡ್ಡ ಡಬ್ಬಿ ಬೇಕೆಂದು ನೋಡಿ ಹೋಗುವುದಕ್ಕೆ. ಅವರು ಚಪ್ಪಲಿ ಕಳಚಿ ಎರಡು ಹೆಜ್ಜೆ ಒಳಗೆ ಬಂದವರು ಹಾಗೇ ನಿಂತರು.

"ಅಮ್ಮಾ, ಅದೇನದು?"

"ಅದು ನಮ್ಮವರು."

"ಅದು ಗೊತ್ತಾಯ್ತಮ್ಮ. ಒಳಗಿರೋವಕ್ಕೆ ಅದೇನು ಅಂತ ಕೇಳ್ದೆ."

ಅವರೇ ಮೆತ್ತಗೆ ಹೇಳಿದರು. "ಒಂದು ಅಂಗುಲದ ಜೀವ. ಪಕ್ಕದಲ್ಲಿ ಇಷ್ಟು ದೊಡ್ಡ ಕಣ್ಣು ರೆಪ್ಪೆ ಬಡೀದೆ ನೋಡ್ತಾ ಇದ್ರೆ ಏನು ಮಾಡ್ತವೆ? ಇದರ ಬಾಯಿ ಎಲ್ಲಿದೆ ಅಂತ ಹುಡುಕ್ತವೆ. ಇವು ಪ್ರೀತಿಗೆ ಹಿಂಗೆ ಒತ್ತಿಕೊಳ್ಳಲ್ಲಮ್ಮ, ಹೆದರಿ ಒತ್ತಿಕೊಳ್ಳೋದು. ಗುಂಪಾಗಿ ಇದ್ರೆ ತಿನ್ನೋಕೆ ಬಂದವನಿಗೆ ಯಾವುದನ್ನ ಹಿಡೀಲಿ ಅಂತ ಗೊತ್ತಾಗಲ್ಲ ನೋಡಿ. ನೆಮ್ಮದಿಯಾಗಿದ್ರೆ ಜೊತೇಲೇ ಇರ್ತವೆ, ಆದ್ರೆ ಅವರವರ ಪಾಡಿಗೆ ಅಡ್ಡಾಡ್ಕೊಂಡು."

ನಾನು ಫೋಟೋ ಎತ್ತಿಕೊಂಡು ಒಳಗೆ ಹೋದೆ. ಮಂಚದ ಮೇಲೆ ಇಟ್ಟು ಬಂದು ಅಂಗಡಿಯವರ ಪಕ್ಕ ನಿಂತೆ. ಹನ್ನೆರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಮ್ಮಲ್ಲೊಬ್ಬರು ಸಾಲು ಬಿಟ್ಟು ಒಂದು ಬೆರಳಿನಷ್ಟು ಮುಂದೆ ಬಂದು, ಮತ್ತೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದರು. ಇನ್ನಿಬ್ಬರು ಗಿಡದ ಬುಡ ಮೂಸಿದರು. ಒಬ್ಬರು ಕಲ್ಲಿನ ಮೇಲಿದ್ದ ಹಳೆಯ ಊಟದ ಚೂರನ್ನು ಬಾಯಿಗೆ ಹಾಕಿ, ಉಗುಳಿ, ಮತ್ತೆ ಹಾಕಿಕೊಂಡರು. ಅರ್ಧ ಗಂಟೆಯಲ್ಲಿ ತಾವು ತೊಟ್ಟಿಯ ತುಂಬ ಇದ್ದಿರಿ, ಒಬ್ಬೊಬ್ಬರು ಒಂದೊಂದು ಕಡೆ, ಸಂತೆಗೆ ಬಂದು ದುಡ್ಡು ಮರೆತವರ ಹಾಗೆ. ನೀಲಿ ಗೆರೆಯೂ ನಿಧಾನವಾಗಿ ಹತ್ತಿಕೊಂಡಿತು. "ಡಬ್ಬಿ ಬೇಡ ಅನ್ಸತ್ತಮ್ಮ," ಎಂದು ಅಂಗಡಿಯವರು ಹೊರಟರು.

ತಾವು ಸರಿಹೋದಿರಿ. ನಾನು ಸಂತೋಷಪಡಬೇಕಾಗಿತ್ತು. ಆದರೆ ಮಾನ್ಯರೇ, ನನಗೆ ಬಂದದ್ದು ಸಿಟ್ಟು, ಬುಧವಾರದಿಂದ ಬೇಡಿಕೊಳ್ಳಲೆಂದು ಯೋಚಿಸಿದ್ದ ಪತ್ರ ದೂರಿನ ಪತ್ರವಾದದ್ದಕ್ಕೆ ಅದೇ ಕಾರಣ.

ತಾವು ಯಾರನ್ನು ನೋಡಿ ಹೆದರಿದಿರಿ ಎಂಬುದನ್ನು ದಯವಿಟ್ಟು ಒಮ್ಮೆ ಯೋಚಿಸಬೇಕು. ಊಟದ ಚೂರು ತಮ್ಮ ಬಾಯಿಗೆ ದೊಡ್ಡದಾಗುತ್ತದೆಂದು ಕೈಗಡಿಯಾರದ ಚಿಮುಟದಿಂದ ಹಿಡಿದು ಪುಡಿ ಮಾಡಿ ಹಾಕುತ್ತಿದ್ದವರು ಅವರು. ತಮಗೆ ಬದಲಿಸುವ ನೀರನ್ನು ಮೊಣಕೈ ಅದ್ದಿ ನೋಡುತ್ತಿದ್ದರು. ನನ್ನ ಸ್ನಾನದ ನೀರು ಹೇಗಿದೆ ಎಂದು ಈ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಕೇಳಿದವರಲ್ಲ. ಒಮ್ಮೆ ದಿನವಿಡೀ ಕರೆಂಟಿಲ್ಲದಾಗ ಅಂಗಡಿಗೆ ರಜೆ ಹಾಕಿ, ಸೈಕಲ್ ಪಂಪಿನಿಂದ ಗಂಟೆಗೊಮ್ಮೆ ತಮ್ಮ ನೀರಿಗೆ ಗಾಳಿ ಹಾಕಿದರು. ಅವರ ಸೈಕಲ್ಲಿನ ಹಿಂದಿನ ಚಕ್ರ ಅಂದೂ ಗಾಳಿಯಿಲ್ಲದೆ ಗೋಡೆಗೊರಗಿತ್ತು. ಜಿರಲೆ ಕಂಡರೆ ಕುರ್ಚಿ ಹತ್ತುತ್ತಿದ್ದವರನ್ನು ತಾವು ನರಭಕ್ಷಕ, ಅಲ್ಲ, ಮೀನಭಕ್ಷಕ ಎಂದು ತೀರ್ಮಾನಿಸಿ ಆರು ವಾರ ಊಟ ಬಿಟ್ಟಿರಿ. ನಾಲ್ಕು ವರ್ಷ ಎದುರಿಗೇ ಕೂತ ಮುಖವನ್ನು, ಅದು ಸ್ವಲ್ಪ ದೊಡ್ಡದಾಗಿ ಬಂತೆಂಬ ಒಂದೇ ಕಾರಣಕ್ಕೆ, ಗುರುತು ಹಿಡಿಯದೆ ಹೋದಿರಿ.

ಆದ್ದರಿಂದ ನನ್ನ ಬೇಡಿಕೆಗಳು. ತಾವು ಹನ್ನೊಂದು ಮಂದಿಯೂ ಸೇರಿ, ನಾವು ಹೆದರಿದ್ದು ಭೂತಗನ್ನಡಿಗೇ ಹೊರತು ಆ ಮನುಷ್ಯನಿಗಲ್ಲ ಎಂದು ಒಂದು ಹೇಳಿಕೆ ಬರೆದು, ಕೆಳಗೆ ಎಲ್ಲರೂ ರೆಕ್ಕೆ ಒತ್ತಬೇಕು. ಶಾಯಿ ನೀರಿನಲ್ಲಿ ಕರಗುತ್ತದೆ ಎಂಬ ನೆಪ ನಡೆಯುವುದಿಲ್ಲ, ಪೆನ್ಸಿಲ್ ಕೊಡುತ್ತೇನೆ. ಮಹಡಿಯ ಮೇಷ್ಟ್ರಿಗೆ, ತಮ್ಮದು ಒಗ್ಗಟ್ಟಲ್ಲ, ಪುಕ್ಕಲುತನ ಎಂದು ಖುದ್ದಾಗಿ ಹೋಗಿ ತಿಳಿಸಬೇಕು. ಮೆಟ್ಟಿಲು ಹದಿನೆಂಟಿವೆ, ನಿಧಾನವಾಗಿ ಹತ್ತಿ. ಇನ್ನು ಮುಂದೆ ಹೆದರಿಕೆಯಾದರೆ ಹೆದರಿಕೆಯೆಂದೂ ದುಃಖವಾದರೆ ದುಃಖವೆಂದೂ ಬೇರೆ ಬೇರೆಯಾಗಿ ಕಾಣುವ ಹಾಗೆ ನಿಲ್ಲಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಮೂಲೆ.

ಇದನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟಿದ್ದೆ. ನ್ಯಾಯವಾಗಿ ನೋಡಿದರೆ ಒಂದು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ಈ ನಾಲ್ಕು ತಿಂಗಳು ಎಲ್ಲರೂ ತಿರುಗಿದ ಕಡೆಗೆ ನಾನೂ ತಿರುಗಿದ್ದೇನೆ. ಅಕ್ಕ ಪೆಟ್ಟಿಗೆ ತಂದುಕೊಟ್ಟಳು, ತುಂಬಿದೆ. ಮುಳ್ಳಿನ ಡಬ್ಬಿಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದಳು, ಕಟ್ಟಿಟ್ಟೆ. ಹೂಂ ಎನ್ನುವುದರಲ್ಲಿ ಭಾವನನ್ನೂ ಮೀರಿಸಿದೆ. ಅಕ್ಕನ ಮೇಲಿನ ಪ್ರೀತಿಯೆಂದೇ ತಿಳಿದಿದ್ದೆ. ಪ್ರೀತಿ ಇಲ್ಲವೆಂದಲ್ಲ. ಆದರೆ ಸಂಜೆ ಬೀಗ ತೆಗೆದು ಒಳಗೆ ಬರಬೇಕಲ್ಲ, ಯಾರೂ ಇರುವುದಿಲ್ಲವಲ್ಲ, ಆ ಹೆದರಿಕೆಗೆ ಅಕ್ಕನನ್ನು ಒತ್ತಿಕೊಂಡು ನಿಂತಿದ್ದೆ. ಮೀನಿನ ಅಂಗಡಿಯವರು ಆ ಮಾತನ್ನು ಹೇಳಿದ್ದು ತಮ್ಮ ಹನ್ನೊಂದು ಮಂದಿಯ ಬಗ್ಗೆ, ನಾನು ಕದ್ದು ಕೇಳಿಸಿಕೊಂಡೆ.

ನಮ್ಮವರ ಚಿತ್ರವನ್ನು ಈಗ ಮಲಗುವ ಕೋಣೆಯ ಗೋಡೆಗೆ, ನನ್ನ ಮಂಚದ ಎದುರಿಗೆ ಮೊಳೆ ಹೊಡೆದು ಹಾಕಿದ್ದೇನೆ. ದೀಪ ಹಾಕಿದಾಗ ಮೊದಲ ಸಲ ಆ ಕಣ್ಣು ನೋಡಿ ನನಗೂ ಎದೆ ಧಸಕ್ಕೆಂದಿತು ಎಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯಬಾರದಿತ್ತು. ಬರೆದಾಯಿತು. ಎರಡನೇ ಸಲ ಹೋದಾಗ ಎಡಗಣ್ಣನ್ನು ನೋಡಿದೆ. ಅದು ಅವರದೇ. ಹಾಗಾಗಿ ತಮ್ಮ ಮೇಲಿನ ಮೊಕದ್ದಮೆಯನ್ನು ಸದ್ಯಕ್ಕೆ ಮುಂದೂಡಿದ್ದೇನೆ, ಕೈಬಿಟ್ಟಿಲ್ಲ.

ತಾವು ವಿಶ್ವಾಸವಿಟ್ಟರೂ ಇಡದಿದ್ದರೂ,
ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವರ ಹೆಂಡತಿ

ತಾ.ಕ.: ನಾಳೆ ಅಕ್ಕ ತನ್ನ ಹೊಸ ಕನ್ನಡಕ ಹಾಕಿಕೊಂಡು ತಮ್ಮ ಗಾಜಿಗೆ ಮೂಗು ತಾಗಿಸಿ ಪರೀಕ್ಷೆ ಮಾಡುತ್ತಾಳೆ. ಈ ಸಲ ಕಣ್ಣು ಎರಡು, ಜೊತೆಗೆ ಬಾಯಿಯೂ ಇದೆ. ತಾವು ಹೆದರಿ ಮತ್ತೆ ಮೂಲೆ ಹಿಡಿಯುವುದಾದರೆ ಧಾರಾಳವಾಗಿ ಹಿಡಿಯಿರಿ. ಅಕ್ಕನಿಗೆ ಹೆದರದವರು ನಮ್ಮ ವಂಶದಲ್ಲೇ ಇಲ್ಲ, ಒಂದು ಅಂಗುಲದವರಿಂದ ಅದನ್ನು ನಿರೀಕ್ಷಿಸುವುದು ತಪ್ಪು. ಪೆಟ್ಟಿಗೆಯ ಬಟ್ಟೆಗಳನ್ನು ಕಪಾಟಿನಲ್ಲಿ ವಾಪಸು ಜೋಡಿಸಿಟ್ಟಿದ್ದೇನೆ. ತಾವು ಬಾಲ ಅಲ್ಲಾಡಿಸಿದರೂ ಬಿಟ್ಟರೂ ಆ ಬಟ್ಟೆಗಳು ಇನ್ನು ಹೊರಗೆ ಬರುವುದಿಲ್ಲ. ಈಗಷ್ಟೇ ಫೋನ್ ಮಾಡಿ ವ್ಯಾನ್ ಬೇಡವೆಂದೆ. "ಯಾಕೇ, ಮೀನು ಸರಿಹೋದ್ವಾ?" ಎಂದಳು ಅಕ್ಕ. "ಅವೂ ಸರಿಹೋದ್ವು," ಎಂದೆ. ಯಾರೂ ಏನೂ ಹೇಳದಿದ್ದರೂ ಹಿಂದಿನಿಂದ ಭಾವ ಹೂಂ ಎಂದದ್ದು ಕೇಳಿಸಿತು. ನಾಳೆ ಹನ್ನೊಂದು ಗಂಟೆಗೆ ಇಬ್ಬರೂ ಬಸ್ಸಿನಲ್ಲಿ ಬರುತ್ತಾರೆ. ಊಟ ಇಲ್ಲೇ.